ಬೆನ್ನ ಹಿಂದಿನ ಮೇಜು

ಕನ್ನಡಿ ಇಲ್ಲ, ಕನ್ನಡಿ ಇದ್ದ ಜಾಗ ಮಾತ್ರ, ಕೈ ತೊಳೆಯುವ ಬೇಸಿನ್ನಿನ ಮೇಲೆ ಗೋಡೆಯ ನೀಲಿ ಬಣ್ಣ ಒಂದು ಚೌಕದಷ್ಟು ಹೊಸದಾಗಿ ಉಳಿದಿದೆ, ಮೊಳೆ ಕಿತ್ತ ತೂತಿನಲ್ಲಿ ಇರುವೆ ಹೋಗಿ ಬರುತ್ತಿದೆ, ಕನ್ನಡಿ ಇದ್ದಿದ್ದರೆ ಕೂತಲ್ಲಿಂದಲೇ ನನ್ನ ಬೆನ್ನ ಹಿಂದಿನ ಮೇಜು ಕಾಣುತ್ತಿತ್ತು, ಇಲ್ಲದ್ದು ಒಳ್ಳೆಯದೇ ಆಯಿತು, ನೋಡುವುದಿಲ್ಲ ಎಂದು ಮಾತು ಕೊಟ್ಟಿದ್ದೇನಲ್ಲ — ಸುಪ್ರಿತಾ ಮೇಡಂ, ನೀವು ಹತ್ತಿರವೇ ಇರಿ, ಆದ್ರೆ ನೋಡುದು ಬೇಡ, ನೋಡಿದ್ರೆ ನಂಗೆ ಪರೀಕ್ಷೆಗೆ ಕೂತ ಹಾಗೆ ಆಗ್ತದೆ, ಎಂದಿದ್ದರು ಪದ್ಮಯ್ಯ, ಬೆಳಿಗ್ಗೆ ನೆಲ್ಯಾಡಿಯಲ್ಲಿ ಬಸ್ಸು ಹತ್ತುವ ಮೊದಲು, ಹಾಗಾಗಿ ಈಗ ಕಡಬದ ಹಸನಬ್ಬರ ಹೋಟೆಲಿನಲ್ಲಿ ನಾನು ಅವರಿಗೆ ಬೆನ್ನು ಹಾಕಿ ಕೂತಿದ್ದೇನೆ, ಅವರು ಗೋಡೆಗೆ ಒರಗಿ, ಬಾಗಿಲು ಕಾಣುವ ಹಾಗೆ, ಎದುರಿನ ಕುರ್ಚಿ ಖಾಲಿ, ಅವರ ಹೆಂಡತಿ ಕುಸುಮಾವತಿ ಇನ್ನೂ ಬಂದಿಲ್ಲ. ಬರುತ್ತಾರಾ. ಬರುತ್ತೇನೆ ಅಂದಿದ್ದರು ಫೋನಿನಲ್ಲಿ, ಮನೆಗೆ ಬೇಡ ಮೇಡಂ, ನೀವಿರುವಲ್ಲಿಗೂ ಬೇಡ, ನಡುವೆ ಎಲ್ಲಿಯಾದರೂ, ಅಂದಿದ್ದರು, ನಡುವೆ ಅಂದರೆ ಕಡಬ, ಅವರಿಗೆ ಗುತ್ತಿಗಾರಿನಿಂದ ಬಸ್ಸು, ನಮಗೆ ನೆಲ್ಯಾಡಿಯಿಂದ, ಹೋದ ವಾರವೇ ಒಬ್ಬಳೇ ಬಂದು ಹೋಟೆಲುಗಳನ್ನೆಲ್ಲ ನೋಡಿ ಇದನ್ನು ಆರಿಸಿದ್ದೆ, ಪೇಟೆಯಿಂದ ಸ್ವಲ್ಪ ಆಚೆ, ಗಲಾಟೆ ಕಡಿಮೆ, ಹಿಂದೆ ಇನ್ನೊಂದು ಬಾಗಿಲು, ಹಸನಬ್ಬರಲ್ಲಿ ಹೇಳಿದ್ದೆ, ಕಾಕಾ, ನಾವು ಇರುವಷ್ಟು ಹೊತ್ತು ಶಟರ್ ಎಳೆಯಬೇಡಿ, ಪಾತ್ರೆ ಬಿಸಾಡಬೇಡಿ, ಮಿಲಿಟ್ರಿಯವರಿಗೆ ಶಬ್ದದ ಹೆದರಿಕೆಯಾ ಮಾರಾಯ್ರೆ, ಎಂದು ನಕ್ಕವರು ನನ್ನ ಮುಖ ನೋಡಿ ನಗು ನಿಲ್ಲಿಸಿದ್ದರು, ಇವತ್ತು ಬಂದು ನೋಡಿದರೆ ಎಂಜಲು ಬಟ್ಟಲು ಹಾಕುವ ಟಬ್ಬಿನೊಳಗೆ ಹಳೆಯ ಗೋಣಿ ಮಡಚಿ ಇಟ್ಟಿದ್ದಾರೆ, ಸ್ಟೀಲು ಬಿದ್ದರೂ ಸದ್ದಿಲ್ಲ, ಚಾ ಕುಡಿ ಸುಪ್ರಿತಾ, ಕೆನೆ ಕಟ್ಟುತ್ತಿದೆ.

ಪದ್ಮಯ್ಯ ಸೈನ್ಯದಿಂದ ಹವಾಲ್ದಾರರಾಗಿ ಬಂದವರು, ನೆಲ್ಯಾಡಿಯ ನಮ್ಮ ಪುನರ್ವಸತಿ ಕೇಂದ್ರದಲ್ಲಿ ಅವರಂಥವರೇ ಇರುವುದು, ದೇಹ ಊರಿಗೆ ಬಂದು ಮನಸ್ಸು ಇನ್ನೂ ಅಲ್ಲೇ ಎಲ್ಲೋ ಬೆಟ್ಟದಲ್ಲಿ ಕಾವಲು ನಿಂತವರು, ಮಾತ್ರೆ ಕೊಡುವುದು ಡಾಕ್ಟರು, ನಾನು ಕೊಡುವುದು ಕೆಲಸ, ಅಕ್ಕಿ ತೊಳೆಯುವುದು, ಶರ್ಟಿಗೆ ಗುಂಡಿ ಹಾಕುವುದು, ಬಸ್ಸು ಹತ್ತಿ ಟಿಕೇಟು ಕೇಳುವುದು, ಹಲಸಿನ ಹಪ್ಪಳ ತಟ್ಟುವುದು, ಅದಕ್ಕೆ ಎಲ್ಲರ ಬಾಯಲ್ಲಿ ನಾನು ಹಪ್ಪಳದ ಮೇಡಂ, ಪುತ್ತೂರಿನ ಮನೆಯಲ್ಲಿ ಅಮ್ಮ ಈಗಲೂ ಕೇಳುತ್ತಾಳೆ, ಹಪ್ಪಳ ಮಾಡ್ಲಿಕ್ಕೆ ಅಷ್ಟೆಲ್ಲ ಓದಬೇಕಿತ್ತಾ, ಹೇಗೆ ಹೇಳಲಿ ಅಮ್ಮನಿಗೆ, ಒಬ್ಬ ಮನುಷ್ಯ ತನ್ನ ಬಲಗೈಯನ್ನೇ ಬಿಟ್ಟುಬಿಟ್ಟಿದ್ದಾನೆ, ಗಾಯ ಮಾಗಿದೆ, ನರ ಸರಿ ಇದೆ, ಎಲುಬು ಸರಿ ಇದೆ, ಆದರೂ ಕೂತರೆ ತೊಡೆಯ ಅಡಿಗೆ, ನಿಂತರೆ ಜೇಬಿನೊಳಗೆ, ಊಟ ಎಡಗೈಯಲ್ಲಿ ಚಮಚ ಹಿಡಿದು, ಕೇಳಿದರೆ, ಆ ಕೈ ಬೇಡ ಮೇಡಂ, ಅಷ್ಟೇ. ಆ ಕೈ ಹೊರಬಂದದ್ದು ಒಂದೇ ಸಲ, ಟೆರೇಸಿನಲ್ಲಿ ಚಾಪೆ ತುಂಬ ಹಪ್ಪಳ ಹರವಿದ್ದೆವು, ಹೇಳದೆ ಕೇಳದೆ ಮಳೆ ಬಂತು, ಎಲ್ಲರೂ ಓಡಿದರು, ಪದ್ಮಯ್ಯನೂ ಓಡಿದರು, ಚಾಪೆಯ ಎರಡು ತುದಿಯನ್ನು ಎರಡು ಕೈಯಲ್ಲಿ ಹಿಡಿದು ಸುತ್ತಿ ಎತ್ತಿಕೊಂಡು ಒಳಗೆ ಬಂದು ಕೆಳಗಿಟ್ಟ ಮೇಲೆ ತನ್ನ ಬಲಗೈಯನ್ನು ಯಾರದ್ದೋ ಎಂಬಂತೆ ನೋಡಿ ಮೆಲ್ಲಗೆ ಜೇಬಿಗೆ ಹಾಕಿಕೊಂಡರು, ನಾನು ಕಾಣದವಳಂತೆ ಹಪ್ಪಳ ಎಣಿಸುವ ನಾಟಕ ಮಾಡಿದೆ, ಆ ಸಂಜೆ ಎಡಗೈಯಲ್ಲೇ ಹಿಟ್ಟು ನಾದುತ್ತಾ ತಾವಾಗಿಯೇ ಅಂದರು, ಅಲ್ಲಿ ಒಮ್ಮೆ ಜೊತೆಯವನ ಬಾಯಿ ಮುಚ್ಚಿ ಹಿಡಿಯಬೇಕಾಗಿ ಬಂದಿತ್ತು ಮೇಡಂ, ಅವನು ನರಳುದು ಕೇಳಿದ್ರೆ ನಾವು ಯಾರೂ ಉಳೀತಿರ್ಲಿಲ್ಲ — ಹಿಟ್ಟಿಗೆ ಜೀರಿಗೆ ಹಾಕಿದೆವು.

ಚಪ್ಪಲಿಯ ಸದ್ದು, ಬಾಗಿಲಲ್ಲಿ ನಿಂತಿತು, ಹಸನಬ್ಬರ ಮುಖ ಗಲ್ಲಾದಿಂದ ಎದ್ದು ಬಾಗಿಲಿಗೆ ತಿರುಗಿತು, ನನ್ನ ಪಕ್ಕದಿಂದ ಒಂದು ಹಸಿರು ಸೀರೆಯ ಅಂಚು ಹಾದುಹೋಯಿತು, ಮಲ್ಲಿಗೆ ಇಲ್ಲ, ಪೌಡರಿನ ವಾಸನೆ, ಕುರ್ಚಿ ಎಳೆಯಲಿಲ್ಲ, ಎತ್ತಿ ಇಟ್ಟರು, ಅಂದರೆ ಅವರಿಗೂ ಗೊತ್ತು, ಇವರ ಜೊತೆ ಬದುಕಿದವರಿಗೆ ಗೊತ್ತಿರದೆ ಇರುತ್ತದಾ. ಬಸ್ಸು ತಡ ಆಯ್ತಾ ಕುಸುಮಾ. ಇಲ್ಲ, ಸೀಟು ಸಿಕ್ಕಿತು. ಬೆಳಿಗ್ಗೆ ಏನಾದರೂ ತಿಂದ್ಯಾ. ಇಲ್ಲ. ತಮ್ಮ ಮನೆಮಾತು ಅರೆಭಾಷೆಯಲ್ಲೇ ಮಾತಾಡುತ್ತಿದ್ದಾರೆ, ನನಗೆ ಎಲ್ಲ ತಿಳಿಯುತ್ತದೆ, ಆದರೆ ಕಿವಿಯೊಳಗೆ ಇಳಿಯುವಾಗ ಅದು ನನ್ನ ಪುತ್ತೂರಿನ ಕನ್ನಡವಾಗಿ ಇಳಿಯುತ್ತದೆ, ನಡುನಡುವೆ ಫ್ಯಾನಿನ ಕಟಕಟ, ಪರೋಟ ಉಂಟಂತೆ, ಪರೋಟ ಹೇಳ್ಲಾ, ಹೂಂ — ಅಯ್ಯೋ ಪರೋಟ ಬೇಡ, ಪರೋಟ ಹರಿಯಲಿಕ್ಕೆ ಎರಡು ಕೈ ಬೇಕು, ಬನ್ಸ್ ಹೇಳಿ ಪದ್ಮಯ್ಯ, ದೋಸೆ ಹೇಳಿ, ಬಸ್ಸಿನಲ್ಲಿ ಎಷ್ಟೆಲ್ಲ ಮಾತಾಡಿದೆವು, ಶಬ್ದ ಬಂದರೆ ಉಸಿರು ಹೇಗೆ ಬಿಡಬೇಕು, ಎದ್ದು ಹೋಗಬೇಕು ಅನಿಸಿದರೆ ಯಾವ ಬಾಗಿಲು, ಪರೋಟದ ವಿಷಯ ನನಗೆ ಹೊಳೆಯಲೇ ಇಲ್ಲ. ಫೋನಿನಲ್ಲಿ ಕುಸುಮಾವತಿ ಹೇಳಿದ್ದರು, ಆಚೆಮನೆಯವರ ತೋಟಕ್ಕೆ ಆನೆ ನುಗ್ಗಿತ್ತು ಮೇಡಂ, ಸಂಜೆ ಹೊತ್ತು, ಓಡಿಸ್ಲಿಕ್ಕೆ ಗರ್ನಾಲು ಪಟಾಕಿ ಸಿಡಿಸಿದ್ರು, ಒಂದರ ಹಿಂದೆ ಒಂದು, ಇವರು ನಮ್ಮಿಬ್ಬರನ್ನು ಎಳಕೊಂಡು ಹೋಗಿ ಬಚ್ಚಲುಮನೆಯಲ್ಲಿ ಹಂಡೆಯ ಹಿಂದೆ ಕೂರಿಸಿದ್ರು, ಮಗಳು ಯಶಸ್ವಿ ಅಳ್ಲಿಕ್ಕೆ ಶುರು ಮಾಡಿದಳು, ಅವಳ ಬಾಯಿ ಮುಚ್ಚಿದ್ರು, ಮೂಗೂ ಮುಚ್ಚಿ ಹೋಯ್ತು, ಅಷ್ಟು ದೊಡ್ಡ ಕೈ, ಇಷ್ಟು ಸಣ್ಣ ಮುಖ, ಅವಳ ಕಾಲು ನಿಂತುಹೋಯ್ತು ಮೇಡಂ, ಬಡಿಯುದು ನಿಂತುಹೋಯ್ತು, ಎಳೆದೆ, ಬಿಡಲಿಲ್ಲ, ಹೊಡೆದೆ, ಬಿಡಲಿಲ್ಲ, ಮತ್ತೆ ಕಚ್ಚಿದೆ, ನಾಯಿ ಹಾಗೆ ಕಚ್ಚಿದೆ, ಆಗ ಬಿಟ್ರು. ಮಗಳಿಗೆ ಉಸಿರು ಬಂತು, ಆಸ್ಪತ್ರೆಗೆ ಹೋದರು, ಬಂದರು, ಇವರು ತಾವೇ ಬ್ಯಾಗು ಕಟ್ಟಿಕೊಂಡು ಮನೆ ಬಿಟ್ಟರು, ಎಲ್ಲೆಲ್ಲೋ ತಿರುಗಿ ಕೊನೆಗೆ ನಮ್ಮಲ್ಲಿಗೆ ಬಂದು ಸೇರಿದರು, ಎರಡು ವರ್ಷದ ಮೇಲಾಯಿತು, ಮಗಳನ್ನು ಈವರೆಗೆ ನೋಡಿಲ್ಲ, ಫೋನಿನಲ್ಲಿ ಕುಸುಮಾವತಿ ಅಂದಿದ್ದರು, ಅವಳು ಈಗಲೂ ಚಳಿಗೂ ಹೊದಿಕೆ ಕುತ್ತಿಗೆಯಿಂದ ಮೇಲೆ ಎಳೆಯುದಿಲ್ಲ ಮೇಡಂ, ಮುಖ ಒರೆಸ್ಲಿಕ್ಕೆ ಟವೆಲು ತಂದ್ರೂ ಹಿಂದೆ ಸರೀತಾಳೆ.

ಚಮಚ ಬಟ್ಟಲಿಗೆ ತಾಗುತ್ತಿದೆ, ಜಾರುತ್ತಿದೆ, ಮತ್ತೆ ತಾಗುತ್ತಿದೆ, ಎಡಗೈಯ ಚಮಚದಲ್ಲಿ ಪರೋಟ ಒತ್ತಿ ತುಂಡು ಮಾಡುತ್ತಿದ್ದಾರೆ, ತಿರುಗಬೇಡ, ತಿರುಗಬೇಡ, ಎಂತ ಅದು, ಕೊಡಿ ಇಲ್ಲಿ, ಬಟ್ಟಲು ಮೇಜಿನ ಮೇಲೆ ಜರುಗಿದ ಸದ್ದು, ಸ್ವಲ್ಪ ಹೊತ್ತು ಬಳೆಗಳ ಸದ್ದು, ಮತ್ತೆ ಬಟ್ಟಲು ಜರುಗಿದ ಸದ್ದು, ಹೂಂ ಈಗ ತಿನ್ನಿ — ಹರಿದುಕೊಟ್ಟರು, ನಮ್ಮ ಪಾಠದಲ್ಲಿ ಅದು ತಪ್ಪು, ಅವರಿಂದ ಆಗುವುದನ್ನು ನಾವು ಮಾಡಿಕೊಡಬಾರದು, ಕಾಯಬೇಕು, ಎಷ್ಟು ಹೊತ್ತಾದರೂ ಕೈ ಕಟ್ಟಿಕೊಂಡು ಕಾಯಬೇಕು, ಎಷ್ಟು ಜನಕ್ಕೆ ಹೇಳಿಕೊಟ್ಟಿದ್ದೇನೆ ಇದನ್ನು, ಆದರೆ ಈ ತಪ್ಪನ್ನು ಈಗ ಯಾರು ತಿದ್ದುತ್ತಾರೆ, ನಾನಂತೂ ಅಲ್ಲ. ಹೊರಗೆ ರಸ್ತೆಯಲ್ಲಿ ಮರದ ದಿಮ್ಮಿ ಹೇರಿದ ಲಾರಿ, ರಸ್ತೆಯುಬ್ಬು ಹತ್ತಿ ಇಳಿಯುವಾಗ ಧಡಲ್ ಎಂದಿತು, ನನ್ನ ಕೈಯ ಚಾ ತುಳುಕಿತು, ಬಂತು, ಈಗ ಬಂತು, ಹಿಂದಿನ ಬಾಗಿಲು ಪದ್ಮಯ್ಯ, ಉಸಿರು ಬಿಡಿ — ಉದ್ದದ ಒಂದು ಉಸಿರು ಕೇಳಿಸಿತು, ಮತ್ತೆ ಒಂದು, ಲಾರಿ ಹೋಯಿತು, ಪದ್ಮಯ್ಯ ಅಲ್ಲೇ ಇದ್ದಾರೆ, ಶಬ್ದಕ್ಕೆ ಎಷ್ಟೊಂದು ತಯಾರಿ ಮಾಡಿದ್ದೆವು, ಅದು ಬಂದು ಹೋದದ್ದೇ ಗೊತ್ತಾಗಲಿಲ್ಲ, ತಯಾರಿ ಮಾಡದೆ ಇದ್ದದ್ದು ಅದರ ಬೆನ್ನಿಗೆ ಬಂತು, ಮೆಲ್ಲಗೆ, ಫ್ಯಾನಿನ ಸದ್ದಿಗಿಂತ ಮೆಲ್ಲಗೆ, ನಾನು ಕಚ್ಚಿದ್ದಕ್ಕಾ ಕೈ ಹೀಗೆ ಆದದ್ದು.

ಏನು. ಏನೆಂದರು. ಕುಸುಮಾವತಿಗೆ ಗಂಡನ ಹೆದರಿಕೆ ಅಂತ ತಿಳಿದಿದ್ದೆ ನಾನು, ಇಷ್ಟು ದಿನ, ಮನೆಗೆ ಬೇಡ ಅಂದದ್ದು ಹೆದರಿಕೆಗೆ ಎಂದೇ, ಹೆದರಿಕೆಗೆ ಏನೆಲ್ಲ ಮದ್ದು ಉಂಟೋ ಅದನ್ನೆಲ್ಲ ಯೋಚಿಸಿದ್ದೆ, ಈ ಹೆಂಗಸು ಎರಡು ವರ್ಷದಿಂದ ತನ್ನ ಹಲ್ಲಿನಿಂದಲೇ ಗಂಡನ ಕೈ ಸತ್ತುಹೋಯಿತೆಂದು ನಂಬಿಕೊಂಡು ಕೂತಿದ್ದಾರೆ, ಕೇಳಲಿಕ್ಕೆ ಯಾರಿದ್ದರು, ಯಾರಲ್ಲಿ ಕೇಳುವುದು, ನಾನಾದರೂ ಒಂದು ಸಲ ಫೋನಿನಲ್ಲಿ, ನಿಮಗೆ ಹೇಗುಂಟು, ಎಂದು — ಇಲ್ಲ, ಈಗ ಅದಲ್ಲ, ಕೇಳು, ಅವರು ಏನಂತಾರೆ ಕೇಳು. ಇಲ್ಲ ಕುಸುಮಾ. ಮತ್ತೆಂತಕ್ಕೆ ಕೈಯನ್ನು ತೊಡೆಯಡಿಗೆ ಹಾಕಿಕೊಂಡಿದ್ದೀರಿ, ನಂಗೆ ಕಾಣಬಾರದು ಅಂತಲ್ಲವಾ. ಇಲ್ಲ. ಡಾಕ್ಟ್ರು ನರ ಹೋಗಿದೆ ಅಂದ್ರಾ. ನರ ಸರಿ ಉಂಟು. ಮತ್ತೆ. ಹಸನಬ್ಬ ಗಲ್ಲಾದ ಮೇಲಿನ ಧೂಳನ್ನು ಒರೆಸಿದಲ್ಲೇ ಒರೆಸುತ್ತಿದ್ದಾರೆ, ಆಮೇಲೆ, ಕೆಮ್ಮಿದಂತೆ ಪದ್ಮಯ್ಯನ ಸ್ವರ, ನೀನು ಕಚ್ಚಿದ್ದರಿಂದ ಮಗಳು ಇರುದು, ನೀನು ಕಚ್ಚದೆ ಇದ್ರೆ ಅವಳೂ — ಅಲ್ಲಿ ಬೆಟ್ಟದಲ್ಲಿ ಅವನನ್ನು ನನ್ನ ಕೈಯಿಂದ ಬಿಡಿಸ್ಲಿಕ್ಕೆ ಯಾರೂ ಇರ್ಲಿಲ್ಲ ಕುಸುಮಾ, ಯಾರಾದ್ರೂ ಕಚ್ಚಿದ್ರೆ ಅವನೂ ಇರ್ತಿದ್ದ. ಅಳುತ್ತಿದ್ದಾರೆ, ಯಾರು, ಕುಸುಮಾವತಿಯಾ, ಇಬ್ಬರೂ ಇರಬೇಕು, ಮೂಗು ಎಳೆದುಕೊಳ್ಳುವ ಸದ್ದು ಗಂಡಸರದ್ದೂ ಹೆಂಗಸರದ್ದೂ ಒಂದೇ, ನನ್ನದೂ. ಮನೆಗೆ ಈಗಲೇ ಬೇಡ, ಎಂದರು ಕುಸುಮಾವತಿ. ಬೇಡ, ನಾನೂ ಅದೇ ಹೇಳ್ಲಿಕ್ಕೆ ಬಂದದ್ದು, ರಾತ್ರಿ ನಂಗೆ ನನ್ನ ಮೇಲೇ ಧೈರ್ಯ ಇಲ್ಲ. ಮುಂದಿನ ತಿಂಗಳೂ ಇಲ್ಲಿಗೇ ಬರುವ. ಆಯ್ತು. ಯಶಸ್ವಿ ಬಂದಿದ್ದಾಳೆ, ಎದುರು ಬೇಕರಿಯಲ್ಲಿ ನನ್ನ ಅಣ್ಣನ ಜೊತೆ ಇದ್ದಾಳೆ, ದೂರದಿಂದ ನೋಡ್ತೇನೆ ಅಂದಳು, ಕರೆಯುದಾ. ಕರೆಯಬೇಡ, ಅವಳಿಗೆ ಬರಬೇಕು ಅಂತ ಇದ್ರೆ ಬರಲಿ, ಇಲ್ಲದಿದ್ರೆ ಬೇಡ.

ಬಂದಿದ್ದಾಳೆ, ಬಾಗಿಲಲ್ಲಿ, ಎರಡು ಜಡೆ, ಉದ್ದ ಕಾಲು, ಯಾರೂ ಕರೆಯಲಿಲ್ಲ, ಬೇಕರಿಯ ಗಾಜಿನಿಂದ ಎಷ್ಟು ಹೊತ್ತು ನೋಡಿದಳೋ, ಒಳಗೆ ಬಂದವಳು ಅಲ್ಲಿಗೆ ಹೋಗುವುದಿಲ್ಲ, ನನ್ನ ಮೇಜಿಗೆ ಬರುತ್ತಾಳೆ, ನನ್ನ ಎದುರಿನ ಕುರ್ಚಿಯಲ್ಲಿ ಕೂತು ನನ್ನ ಭುಜದ ಮೇಲಿಂದ ನೋಡುತ್ತಾಳೆ, ಅಮ್ಮನ ಬೆನ್ನು ದಾಟಿ, ಅಪ್ಪನನ್ನು, ನಾನು ಅವಳನ್ನು ನೋಡುತ್ತೇನೆ, ಇದಕ್ಕೆ ಮಾತು ಕೊಟ್ಟಿಲ್ಲ, ಇವಳನ್ನು ನೋಡಬಾರದೆಂದು ಯಾರೂ ಹೇಳಿಲ್ಲ. ನೀವು ಹಪ್ಪಳದ ಮೇಡಮ್ಮಾ. ಹೌದು. ಅಪ್ಪ ಸಪೂರ ಆಗಿದ್ದಾರೆ. ಸ್ವಲ್ಪ. ಹಸನಬ್ಬ ಕೇಳದೆಯೇ ಒಂದು ಪರೋಟ ತಂದಿಟ್ಟರು, ತಿನ್ನು ಮಗಾ, ಎರಡು ಕೈಯಲ್ಲಿ ಚರಚರ ಹರಿದು ಬಾಯಿಗೆ ತುಂಬಿದಳು, ಹಿಂದೆ ಕುರ್ಚಿ, ಉಸಿರು, ಚಮಚ, ಒಂದೂ ಅಲುಗುತ್ತಿಲ್ಲ, ಅವಳು ಬಗ್ಗಿ ನನ್ನಲ್ಲಿ ಗುಟ್ಟಿನಲ್ಲಿ, ಅಪ್ಪ ಆ ಕೈ ಎಲ್ಲಿ ಇಟ್ಟಿದ್ದಾರೆ, ಉತ್ತರ ನನ್ನ ನಾಲಗೆಯ ತುದಿಯಲ್ಲಿ ಇದೆ, ಕೈ ಕಟ್ಟಿಕೊಂಡು ಕಾಯಬೇಕು ಸುಪ್ರಿತಾ, ನೀನೇ ಕೇಳು ಮಾರಾಯ್ತಿ, ಎಂದೆ. ಕೇಳಿಯೇ ಬಿಟ್ಟಳು, ಇಡೀ ಹೋಟೆಲಿಗೆ ಕೇಳುವ ಹಾಗೆ, ಅಪ್ಪಾ, ಅಮ್ಮನ ಹಲ್ಲಿನ ಗುರುತು ಈಗಲೂ ಉಂಟಾ. ಕುರ್ಚಿ ಕಿರುಗುಟ್ಟಿತು. ಉಂಟು ಮಗಾ, ನೋಡುದಿದ್ರೆ ನೋಡು, ಅಲ್ಲಿಂದಲೇ ನೋಡು, ಹತ್ತಿರ ಬರಬೇಕು ಅಂತಿಲ್ಲ. ಅವಳ ಕಣ್ಣು ಅಪ್ಪನ ಮುಖದಿಂದ ಇಳಿಯುತ್ತಿದೆ, ಎದೆ, ಇನ್ನೂ ಕೆಳಗೆ, ಮೇಜಿನ ಎತ್ತರಕ್ಕೆ ಬಂದು ನಿಂತಿತು, ಅಲ್ಲೇ ನಿಂತಿತು, ಹಾಗಾದರೆ ಮೇಜಿನ ಮೇಲೆ ಇಟ್ಟಿದ್ದಾರೆ, ಅಂಗೈ ಮೇಲಾಗಿಯಾ, ಕೆಳಗಾಗಿಯಾ, ನಾನು ತಿರುಗುವುದಿಲ್ಲ. ಇಲ್ಲಿಂದ ಸರಿ ಕಾಣುದಿಲ್ಲ, ಅಂದಳು. ಆಗ ಕುಸುಮಾವತಿಯ ಸ್ವರ, ಮೂಗು ಕಟ್ಟಿದ ಸ್ವರ, ನನ್ನ ಬೆನ್ನಿಗೆ ತಾಗುವಷ್ಟು ಹತ್ತಿರದಿಂದ, ಉಂಟು ಉಂಟು, ನನ್ನ ಓರೆ ಹಲ್ಲು ಸಮೇತ ಉಂಟು — ಹುಡುಗಿಗೆ ನಗು ಬಂತು, ತಡೆಯಲಾಗದ ನಗು, ಪರೋಟ ತುಂಬಿದ ಬಾಯಿಯಲ್ಲೇ ತಲೆ ಹಿಂದೆ ಹಾಕಿ ನಗುತ್ತಿದ್ದಾಳೆ, ಹಲ್ಲು, ನಾಲಗೆ, ನಾಲಗೆಯ ಮೇಲೆ ಅರ್ಧ ಅಗಿದ ತುಂಡು, ಎಲ್ಲ ಕಾಣುವಷ್ಟು ಬಾಯಿ ತೆರೆದಿದ್ದಾಳೆ, ಗಂಟಲಿನವರೆಗೂ ಕಾಣುವಷ್ಟು, ಆ ಕೈಯ ಎದುರೇ, ಈ ಬಾಯಿ, ಇಷ್ಟು ಅಗಲಕ್ಕೆ ತೆರೆದ ಈ ಬಾಯಿ