ಗೇಟಿನ ತನಕ

ಇಸ್ತ್ರಿ ಅಂಗಡಿಯವಳು ಸತ್ತವನ ಬಲಗೈ ಬೆರಳುಗಳನ್ನು ಬಿಡಿಸಿ ಬಿಳಿ ಕೈಗವಸಿನೊಳಗೆ ತೂರಿಸಲು ಒದ್ದಾಡುತ್ತಿದ್ದಳು. ಹೆಬ್ಬೆರಳು ಮಾತ್ರ ಜಪ್ಪಯ್ಯ ಅಂದರೂ ಒಳಗೆ ಹೋಗುತ್ತಿರಲಿಲ್ಲ. ಬದುಕಿರುವ ತನಕ ಹೇಳಿದ್ದೆಲ್ಲ ಕೇಳುತ್ತಿದ್ದ ಮನುಷ್ಯ, ಈಗ ಹಠ ನೋಡು ಎಂದು ಗೊಣಗಿದಳು.

ಮೈ ತೊಳೆದ ನೀರನ್ನು ಹಿತ್ತಲಿಗೆ ಚೆಲ್ಲಿ ಬಂದ ಅವನ ಮಗಳು ಅದನ್ನು ನೋಡಿದವಳೇ ಬಕೆಟ್ ಕೆಳಗಿಟ್ಟಳು. ಕೈಗವಸನ್ನು ಎಳೆದು ತೆಗೆದು, ಜೊತೆಯದನ್ನೂ ಸೇರಿಸಿ ಕಿಟಕಿಯ ಕಟ್ಟೆಗೆ ಎಸೆದಳು.

"ನಾನೇನು ಕೆಟ್ಟದ್ದಕ್ಕೆ ಮಾಡಿದ್ನಾ? ಒಗೆದು, ಇಸ್ತ್ರಿ ಮಾಡ್ಕೊಂಡು ತಂದಿದ್ದೀನಿ. ಜನ ಬರ್ತಾರೆ, ಕೈ ನೋಡ್ತಾರೆ."

"ನೋಡ್ಲಿ ಬಿಡಿ ಅಕ್ಕ. ಇಷ್ಟು ವರ್ಷ ನೋಡಿ ಸಾಕಾಗಿಲ್ಲ ಅಂದ್ರೆ ಇವತ್ತೂ ನೋಡ್ಕೊಳ್ಳಲಿ."

ಅಪ್ಪನ ಎರಡೂ ಕೈಗಳು ಮಣಿಕಟ್ಟಿನ ತನಕ ಬೆಳ್ಳಗಿದ್ದವು. ಬರೀ ತೊನ್ನು. ನೋಯುವುದಿಲ್ಲ, ಇನ್ನೊಬ್ಬರಿಗೆ ಅಂಟುವುದಿಲ್ಲ, ಹೆದರಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಆದರೆ ಡಾಕ್ಟರ ಮಾತಿಗೆ ಈ ಬೀದಿಯಲ್ಲಿ ಸೊಪ್ಪು ಹಾಕುವವರು ಯಾರು? ಅದು ಆಸೆಬುರುಕತನಕ್ಕೆ ದೇವರು ಕೊಟ್ಟ ಶಿಕ್ಷೆ ಎಂದು ಬೀದಿ ಎಂದೋ ತೀರ್ಮಾನಿಸಿಬಿಟ್ಟಿತ್ತು. ಹೆಸರೂ ಇಟ್ಟಿತ್ತು: ಗೇಹಜಿ.

ಬೈಬಲಿನಲ್ಲಿರುವ ಆ ಹೆಸರಿನ ಕತೆ ಪ್ರಾರ್ಥನೆಗೆ ಬರುವ ಪ್ರತಿಯೊಬ್ಬರಿಗೂ ಬಾಯಿಪಾಠ. ಹಿಂದಿನ ಕಾಲದಲ್ಲಿ ಎಲೀಷ ಎಂಬ ಪ್ರವಾದಿ ನಾಮಾನ ಎಂಬ ಸೇನಾಪತಿಯ ಕುಷ್ಠವನ್ನು ವಾಸಿ ಮಾಡಿದ. ಸೇನಾಪತಿ ಬೆಳ್ಳಿ ಬಂಗಾರ ಕೊಡಲು ಬಂದರೆ, ಪ್ರವಾದಿ ದೇವರಾಣೆ ಮುಟ್ಟುವುದಿಲ್ಲ ಎಂದ. ಅವನ ಸೇವಕ ಗೇಹಜಿಗೆ ಆಸೆ ತಡೆಯಲಾಗಲಿಲ್ಲ. ಹಿಂದಿನಿಂದ ಓಡಿಹೋಗಿ, ಸುಳ್ಳು ಹೇಳಿ, ಬೆಳ್ಳಿಯನ್ನೂ ಬಟ್ಟೆಯನ್ನೂ ಈಸಿಕೊಂಡು ಬಚ್ಚಿಟ್ಟ. ಪ್ರವಾದಿಗೆ ತಿಳಿಯದೆ ಇರುತ್ತದೆಯೇ? ಆ ಕುಷ್ಠ ನಿನಗೂ ನಿನ್ನ ಸಂತತಿಗೂ ಹತ್ತಲಿ ಎಂದ. ಸೇವಕ ಹಿಮದಷ್ಟು ಬೆಳ್ಳಗಾಗಿ ಹೊರಗೆ ಹೋದ.

ಇವಳ ಅಪ್ಪನೂ ಸೇವಕನೇ. ಪಾದ್ರಿ ಅಯ್ಯನವರ ಪ್ರಾರ್ಥನಾ ಮನೆಯಲ್ಲಿ ಬೆಂಚು ಒರೆಸುವುದು, ಹೂಜಿಗೆ ನೀರು ತುಂಬಿಸುವುದು, ಕಾಯಿಲೆಯವರನ್ನು ಸರದಿಯಲ್ಲಿ ಒಳಗೆ ಬಿಡುವುದು ಅವನ ಕೆಲಸ. ಹಿಂದುಗಡೆಯ ಎರಡು ಕೋಣೆ ಅವನ ಸಂಸಾರಕ್ಕೆ. ಆ ಎರಡು ಕೋಣೆಗಳಲ್ಲಿ ಮೊದಲನೆಯದರಲ್ಲೇ ಈಗ ಅವನನ್ನು ಮಲಗಿಸಿದ್ದರು.

ಮಗಳು ಅಪ್ಪನ ಕೈಗಳನ್ನು ಎದೆಯ ಮೇಲೆ ಜೋಡಿಸಿದಳು. ಇವತ್ತು ಅವಳಿಗೆ ಬೇಕಾಗಿದ್ದು ಒಂದೇ ಒಂದು ಮಾತು. ಗುಂಡಿಯ ಪಕ್ಕದಲ್ಲಿ ನಿಂತು, ಎಲ್ಲರ ಎದುರಿಗೆ, "ಇವನು ತನಗೆ ಅಂತ ಏನನ್ನೂ ತೆಗೆದುಕೊಳ್ಳಲಿಲ್ಲ" ಎಂದು ಅಯ್ಯನವರು ಹೇಳಬೇಕು. ಅಷ್ಟಾದರೆ ಆ ಹೆಸರು ಮಣ್ಣಿನಡಿ ಹೋಗುತ್ತದೆ. ಇಲ್ಲವಾದರೆ ಅಪ್ಪ ಮಾತ್ರ ಹೋಗುತ್ತಾನೆ, ಹೆಸರು ಮನೆಯಲ್ಲೇ ಉಳಿಯುತ್ತದೆ.

*

ಅವಳು ಚಿಕ್ಕವಳಿದ್ದಾಗ ಅಪ್ಪನ ಬೆನ್ನು ಬಿಡುತ್ತಿರಲಿಲ್ಲ. ಹಾಗಾಗಿಯೇ ಗುಟ್ಟು ಅವಳಿಗೆ ಬೇಗ ತಿಳಿಯಿತು. ತಿಳಿಯದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಎಷ್ಟೋ ಸಲ ಅನಿಸಿದೆ.

ಕಾಯಿಲೆಯವರ ತಲೆಯ ಮೇಲೆ ಕೈಯಿಟ್ಟು ಅಯ್ಯನವರು ಪ್ರಾರ್ಥಿಸುತ್ತಿದ್ದರು. ವಾಸಿಯಾದವರು ಏನಾದರೂ ಹಿಡಿದುಕೊಂಡು ಬಂದರೆ ಎರಡೂ ಕೈ ಅಡ್ಡ ಮಾಡಿ, ದೇವರ ಕೃಪೆ ಮಾರಾಟಕ್ಕಿಲ್ಲ ಎನ್ನುತ್ತಿದ್ದರು. ಬಂದವರಿಗೆ ಕಣ್ಣೀರೇ ಬರುತ್ತಿತ್ತು. ಬಡವರಾದರೆ, ಹೋಗಿ ಬನ್ನಿ, ಒಳ್ಳೇದಾಗಲಿ ಎಂದು ಮಾತು ಅಲ್ಲಿಗೆ ನಿಲ್ಲುತ್ತಿತ್ತು. ಉಳ್ಳವರಾದರೆ ಅಯ್ಯನವರು ಅಪ್ಪನ ಕಡೆ ತಿರುಗಿ ಇನ್ನೊಂದು ಮಾತು ಸೇರಿಸುತ್ತಿದ್ದರು: "ಇವರನ್ನ ಗೇಟಿನ ತನಕ ಬಿಟ್ಟು ಬಾ."

ಎಂಥ ಮರ್ಯಾದಸ್ಥರು ಎಂದು ಕೇಳಿದವರು ತಲೆದೂಗುತ್ತಿದ್ದರು. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಅವರ ಹಿಂದೆ ಹೊರಡುತ್ತಿದ್ದ. ಗೇಟು ಸಿಗುವ ತನಕ ಒಂದೂ ಮಾತಿಲ್ಲ. ಗೇಟಿನ ಕಂಬದ ಮರೆಗೆ ಬಂದ ಮೇಲೆ ಕಿವಿ ಕೆಂಪಾಗಿ, ನೆಲ ನೋಡುತ್ತಾ, ಅಯ್ಯನವರಿಗೆ ತಿಳಿಯುವುದು ಬೇಡ, ನಾನು ಮಕ್ಕಳೊಂದಿಗ, ಕೊಡುವ ಮನಸ್ಸಿದ್ದರೆ ನನ್ನ ಕೈಗೇ ಕೊಟ್ಟುಬಿಡಿ ಎನ್ನುತ್ತಿದ್ದ. ಕೆಲವರು ಅಯ್ಯೋ ಪಾಪ ಎಂದು ಕೊಡುತ್ತಿದ್ದರು. ಹೆಚ್ಚಿನವರು ಮೂಗು ಮುರಿದುಕೊಂಡೇ ಕೊಡುತ್ತಿದ್ದರು. ಅಂಥ ಗುರುವಿಗೆ ಇಂಥ ಶಿಷ್ಯ ಎಂದು ಮುಖದ ಮೇಲೆ ಹೇಳಿದವರೂ ಇದ್ದರು. ಅಪ್ಪ ಎರಡೂ ಕೈ ಒಡ್ಡಿ ಇಸಿದುಕೊಂಡು, ಹಿತ್ತಿಲ ಬಾಗಿಲಿನಿಂದ ಒಳಗೆ ಹೋಗಿ, ಅಯ್ಯನವರ ಬೀರುವಿನ ಮುಂದೆ ಇಟ್ಟು ಬರುತ್ತಿದ್ದ. ಬೀರುವಿನ ಕೀಲಿ ಯಾವತ್ತೂ ಅಪ್ಪನ ಕೈಗೆ ಬಂದದ್ದಿಲ್ಲ.

ಒಂದು ಸಲ ಜವಳಿ ಅಂಗಡಿಯ ಯಜಮಾನಿ ಗೇಟಿನ ಹತ್ತಿರ ಅಪ್ಪನ ಅಂಗಿ ಹಿಡಿದು ನಿಂತಿದ್ದ ಇವಳನ್ನು ನೋಡಿದಳು. ಚಳಿಗೆ ಹುಡುಗಿಯ ಹಲ್ಲು ಕಟಕಟ ಅನ್ನುತ್ತಿತ್ತು. ಮರುದಿನ ಒಂದು ಕೆಂಪು ಉಣ್ಣೆಯ ಕೋಟು ತಂದು, ತಾನೇ ತೊಡಿಸಿ, ಗುಂಡಿ ಹಾಕಿ ಹೋದಳು. ಅವಳು ತಿರುವಿನಲ್ಲಿ ಮರೆಯಾಗುವುದನ್ನೇ ಕಾದು ಅಪ್ಪ ಮಂಡಿಯೂರಿ ಗುಂಡಿಗಳನ್ನು ಬಿಚ್ಚಿದ.

"ಇದು ನನಗೇ ಅಂತ ಕೊಟ್ಟಿದ್ದಪ್ಪಾ," ಎಂದಳು ಇವಳು.

"ಗೇಟಿನ ಹತ್ರ ಬಂದಿದ್ದೆಲ್ಲ ಅಯ್ಯನವರದ್ದು ಮಗಾ. ಒಂದು ದಾರ ಇಟ್ಕೊಂಡ್ರೂ ಆಮೇಲೆ ನಾನು ನಿಜವಾಗ್ಲೂ ಕಳ್ಳ ಆಗ್ತೀನಿ."

ಮುಂದಿನ ಭಾನುವಾರ ಅಯ್ಯನವರ ಮೊಮ್ಮಗಳು ಆ ಕೋಟು ಹಾಕಿಕೊಂಡು ಮೊದಲನೇ ಬೆಂಚಿನಲ್ಲಿ ಕೂತಿದ್ದಳು. ಇವಳಿಗೆ ಹೊಟ್ಟೆ ಉರಿದುಹೋಯಿತು. ಅಪ್ಪ ಮಾತ್ರ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದ.

ಯಾಕೆ ಮಾಡುತ್ತೀರಿ ಎಂದು ಅಮ್ಮ ಎಷ್ಟು ಸಲ ಕೇಳಿಲ್ಲ? ಉತ್ತರ ತೊಟ್ಟಿಲಲ್ಲಿತ್ತು. ತಮ್ಮ ಹುಟ್ಟಿದ ವರ್ಷ ಜ್ವರ ಬಂದು, ಇವತ್ತೋ ನಾಳೆಯೋ ಎನ್ನುವಂತಾಗಿದ್ದಾಗ ಅಯ್ಯನವರು ಕೈಯಿಟ್ಟಿದ್ದರು, ಮಗು ಕಣ್ಣು ಬಿಟ್ಟಿತ್ತು. ಹೇಳಿದ್ದನ್ನು ಎದುರು ಮಾತಿಲ್ಲದೆ ಮಾಡಿಕೊಂಡು ಹೋಗು, ವಿಧೇಯನ ಮಕ್ಕಳ ಮಕ್ಕಳ ತನಕ ಆಶೀರ್ವಾದ ಇಳಿಯುತ್ತದೆ ಎಂದು ಅಯ್ಯನವರು ಅಂದದ್ದನ್ನು ಅಪ್ಪ ಗಂಟು ಕಟ್ಟಿ ಇಟ್ಟುಕೊಂಡುಬಿಟ್ಟ.

*

ಪ್ರಾರ್ಥನಾ ಮನೆಯ ಪಕ್ಕದ ಕೋಣೆಯಲ್ಲಿ ಅಯ್ಯನವರು ಕನ್ನಡಕ ಒರೆಸುತ್ತಾ ಕೂತಿದ್ದರು. ವಯಸ್ಸಾಗಿತ್ತು, ಆದರೂ ದನಿ ಮಾತ್ರ ಜೇನಿನಂಥದ್ದು. ಅಪ್ಪನ ಹತ್ತಿರದಿಂದ ಎದ್ದು ಇವಳು ಒಳಗೆ ಹೋಗುವಾಗ ತಮ್ಮ ಹೊರಗೆ ಬರುತ್ತಿದ್ದ. ವೆಲ್ಡಿಂಗ್ ಶಾಪು, ಗೋದಾಮು, ಲಾರಿ ಎಂದು ಎಲ್ಲೂ ನೆಟ್ಟಗೆ ನಿಲ್ಲದ ಆಳು ಅವನು. ಅಕ್ಕನನ್ನು ಕಂಡು ಕಣ್ಣು ತಪ್ಪಿಸಿದ. ಶವಪೆಟ್ಟಿಗೆ ಹೊರಲು ಜನ ಸಾಲದು, ನೋಡುತ್ತೇನೆ ಎಂದು ಯಾರೂ ಕೇಳದಿದ್ದರೂ ಹೇಳಿ ಹೋದ.

ಅವಳು ಸುತ್ತಿ ಬಳಸಲಿಲ್ಲ. ಬೇಕಾದ ಆ ಒಂದು ಮಾತನ್ನು ಕೇಳಿದಳು. ಅಯ್ಯನವರು ಕನ್ನಡಕ ಹಾಕಿಕೊಂಡರು.

"ನೀನು ಹೇಳೋದು ಸುಳ್ಳು ಅಂತ ನಾನು ಅನ್ನಲ್ಲಮ್ಮ. ಆದ್ರೆ ಯೋಚನೆ ಮಾಡು. ನಾನು ಆ ಮಾತು ಹೇಳಿದ್ರೆ ಜನ ಮುಂದಿನ ಪ್ರಶ್ನೆ ಕೇಳ್ತಾರೆ. ಹಾಗಾದ್ರೆ ಯಾರು ತಗೊಂಡ್ರು ಅಂತ. ಆಮೇಲೆ ಕಾಯಿಲೆಯವರು ಯಾರನ್ನ ನಂಬ್ಕೊಂಡು ಬರ್ತಾರೆ?"

"ಅಪ್ಪನ ಹೆಸರು ಹೋಯ್ತಲ್ಲ ಅಯ್ಯನವರೇ."

"ಹೋಗಿದ್ದಲ್ಲ. ಅವನು ಕೊಟ್ಟಿದ್ದು. ಯಜ್ಞಕ್ಕಿಂತ ವಿಧೇಯತೆ ದೊಡ್ಡದು. ನಿಮ್ಮಪ್ಪನಿಗೆ ಅದು ಗೊತ್ತಿತ್ತು."

ಅವನು ಕೊಡಲಿಲ್ಲ, ನೀವು ಕಿತ್ತುಕೊಂಡಿರಿ ಎನ್ನಬೇಕೆಂದುಕೊಂಡಳು. ಅಷ್ಟರಲ್ಲಿ ಅಯ್ಯನವರು ಮೆಲ್ಲಗೆ ಅಮ್ಮನ ವಿಷಯ ಎತ್ತಿದರು. ಆ ಎರಡು ಕೋಣೆ ಸೇವೆ ಮಾಡುವವರಿಗೆ ಇರುವುದು. ಆದರೂ ಚಿಂತೆ ಬೇಡ, ನಿನ್ನ ತಮ್ಮನ ಹತ್ತಿರ ಮಾತಾಡಿದ್ದೇನೆ, ಅಮ್ಮನನ್ನು ಯಾರೂ ಎಬ್ಬಿಸುವುದಿಲ್ಲ ಎಂದರು. ಏಳುವಾಗ ಅವಳ ತಲೆ ಮುಟ್ಟಿ, "ನಿಮ್ಮಪ್ಪನಿಗೆ ಒಂದು ಒಳ್ಳೆ ಮಾತು ಖಂಡಿತ ಹೇಳ್ತೀನಿ," ಎಂದರು.

ಪೆದ್ದಿ, ಅವಳು ಅದನ್ನು ನಂಬಿದಳು.

*

ಅಪ್ಪನಿಗೆ ಆ ಹೆಸರು ಬಿದ್ದದ್ದು ಒಬ್ಬ ಕಂಟ್ರಾಕ್ಟರನಿಂದ. ಅವನು ಗೋಡೆ ಗಡಿಯಾರವೊಂದನ್ನು ಗೇಟಿನ ಹತ್ತಿರ ಅಪ್ಪನ ಕೈಗೆ ಕೊಟ್ಟು ಹೋಗಿದ್ದ. ಹೊಟ್ಟೆಯಲ್ಲಿ ಮಾತು ನಿಲ್ಲುವ ಆಸಾಮಿ ಅಲ್ಲ. ತುಂಬಿದ ಸಭೆಯಲ್ಲಿ ಎದ್ದು, ನಿಮ್ಮ ಆಳು ನಿಮಗೆ ಗೊತ್ತಿಲ್ಲದೆ ಕೈ ಒಡ್ಡುತ್ತಾನೆ, ತಿಳಿದಿರಲಿ ಎಂದುಬಿಟ್ಟ.

ಅಯ್ಯನವರು ಅವತ್ತಿನ ಸಭೆಯನ್ನು ಬೇಗ ಮುಗಿಸಿದರು. ಮುಂದಿನ ವಾರ ಗೇಹಜಿಯ ಕತೆ ಹೇಳಿದರು. ಯಾರನ್ನೂ ಬೆಟ್ಟು ಮಾಡಲಿಲ್ಲ, ಆ ಅಗತ್ಯವೂ ಇರಲಿಲ್ಲ. ಬೆಂಚುಗಳ ಮೇಲಿದ್ದ ತಲೆಗಳೆಲ್ಲ ಒಟ್ಟಿಗೆ ಬಾಗಿಲ ಕಡೆ ತಿರುಗಿದವು. ಹೂಜಿಯ ಪಕ್ಕ ನಿಂತಿದ್ದ ಅಪ್ಪ ತಲೆ ತಗ್ಗಿಸಿದ. ತಗ್ಗಿಸಿದ ತಲೆಯೇ ಸಾಕ್ಷಿ ಎಂದು ಜನ ಮಾತಾಡಿಕೊಂಡರು. ಮನೆಗೆ ಬಂದ ಮೇಲೆ ಅಮ್ಮ ಪಾತ್ರೆ ಕುಕ್ಕಿ, ನಿಮಗೆ ಬಾಯಿ ಇಲ್ಲವಾ ಎಂದು ಕೂಗಾಡಿದಳು. ಅಪ್ಪ ತಟ್ಟೆಯ ಮುಂದೆ ಕೂತು, ದೇವರಿಗೆ ಗೊತ್ತಿದೆಯಲ್ಲ, ಅಷ್ಟು ಸಾಕು ಎಂದ. ಅವನಿಗೆ ನಿಜವಾಗಿಯೂ ಅಷ್ಟು ಸಾಕಾಗಿತ್ತು.

ಬೆರಳ ತುದಿಯಲ್ಲಿ ಮೊದಲ ಬಿಳಿ ಚುಕ್ಕೆ ಬಂದದ್ದು ಅದಾದ ಕೆಲವು ವರ್ಷಕ್ಕೆ. ಆಮೇಲೆ ಅದು ನಿಲ್ಲಲಿಲ್ಲ. ಬೀದಿಗೆ ಹಬ್ಬವೋ ಹಬ್ಬ. ಹೆಣ್ಣು ನೋಡಲು ಬಂದ ಅತ್ತೆ ಇವಳ ಅಂಗೈ ಮುಂಗೈ ತಿರುವಿ ತಿರುವಿ ನೋಡಿಯೇ ಹೂಂ ಅಂದದ್ದು. ಈಗಲೂ ಮೊಮ್ಮಕ್ಕಳಿಗೆ ನೀರು ಹಾಕುವಾಗ ಬೆರಳು ಬಿಡಿಸಿ ನೋಡುವ ಅಭ್ಯಾಸ ಬಿಟ್ಟಿಲ್ಲ.

ತವರಿಗೆ ಬಂದಾಗ ಒಂದು ದಿನ ಇವಳು ಅಪ್ಪನ ಕೈಗೆ ಮುಲಾಮು ಹಚ್ಚುತ್ತಿದ್ದಳು. ಅಪ್ಪ ತನ್ನ ಕೈಗಳನ್ನು ಬೇರೆ ಯಾರದ್ದೋ ಎಂಬಂತೆ ನೋಡುತ್ತಾ ಕೂತಿದ್ದವನು ಕೇಳಿದ:

"ಅಲ್ಲಾ ಮಗಾ, ಜನ ನಂಬಿದ್ರು ಸರಿ. ದೇವರೂ ಅಯ್ಯನವರ ಮಾತನ್ನೇ ನಂಬಿಬಿಟ್ನಾ?"

ಇದು ಬರೀ ಚರ್ಮದ ಕಾಯಿಲೆ ಎಂದು ಇವಳು ಹೇಳಿದಳು. ಅಪ್ಪ ಹೂಂಗುಟ್ಟಿದ. ಆಮೇಲೆ ಸಾಯುವ ತನಕ ದೇವರಿಗೆ ಗೊತ್ತಿದೆ ಎಂಬ ಮಾತು ಅವನ ಬಾಯಿಂದ ಬರಲಿಲ್ಲ. ಗೇಟಿಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ.

*

ಸ್ಮಶಾನದಲ್ಲಿ ಜನ ಸೇರಿದ್ದರು. ಅಪ್ಪನ ಮೇಲಿನ ಪ್ರೀತಿಗಲ್ಲ, ಅಯ್ಯನವರು ಮಾತಾಡುತ್ತಾರೆ ಎಂದು. ಪೆಟ್ಟಿಗೆಯ ಮುಚ್ಚಳ ಹಾಕುವ ಮೊದಲು ಬಗ್ಗಿ ನೋಡಿದವರು ಮುಖಕ್ಕಿಂತ ಹೆಚ್ಚು ಹೊತ್ತು ಕೈ ನೋಡಿದರು. ಇಸ್ತ್ರಿ ಅಂಗಡಿಯವಳು ನಾನು ಹೇಳಲಿಲ್ಲವಾ ಎಂಬಂತೆ ಇವಳ ಕಡೆ ನೋಡಿದಳು.

ಹಗ್ಗ ಹಿಡಿದು ಪೆಟ್ಟಿಗೆ ಇಳಿಸುವವರಲ್ಲಿ ತಮ್ಮನೂ ಇದ್ದ. ಹಗ್ಗ ಅಂಗೈ ಕೊಯ್ಯುತ್ತದೆಂದು ಅವನು ಕಿಟಕಿಯ ಕಟ್ಟೆಯ ಮೇಲೆ ಬಿದ್ದಿದ್ದ ಕೈಗವಸುಗಳನ್ನು ಹಾಕಿಕೊಂಡು ಬಂದಿದ್ದ. ಪೆಟ್ಟಿಗೆ ತಳ ಮುಟ್ಟಿತು. ಅಯ್ಯನವರು ಗುಂಡಿಯ ಅಂಚಿಗೆ ಬಂದರು. ಮಗಳು ಒಂದು ಹೆಜ್ಜೆ ಮುಂದೆ ಬಂದಳು.

ಅಯ್ಯನವರು ಒಳ್ಳೆಯ ಮಾತನ್ನೇ ಹೇಳಿದರು. ನಿಷ್ಠೆಯಿಂದ ಬಾಗಿಲು ಕಾದವನು, ಒಂದು ದಿನವೂ ತಡವಾಗಿ ಬಂದವನಲ್ಲ ಎಂದರು. ಅವಳ ಕಣ್ಣು ತುಂಬಿತು. ಆಮೇಲೆ ಅವರು ದನಿ ತಗ್ಗಿಸಿದರು.

"ಮನುಷ್ಯ ಅಂದ ಮೇಲೆ ಆಸೆ ಇರುತ್ತೆ. ಅದಕ್ಕೆ ಶಿಕ್ಷೆಯನ್ನೂ ಇವನು ಇಲ್ಲೇ ಅನುಭವಿಸಿದ. ನಾನು ಇವನನ್ನ ಯಾವತ್ತೋ ಕ್ಷಮಿಸಿದ್ದೀನಿ. ದೇವರು ಗೇಹಜಿಯನ್ನೂ ಕ್ಷಮಿಸ್ತಾನೆ. ನೀವೂ ಕ್ಷಮಿಸಿ."

ಆಮೆನ್ ಎಂದು ಜನ ಒಕ್ಕೊರಲಿಂದ ಅಂದರು. ಎಂಥ ದೊಡ್ಡ ಮನಸ್ಸು ಎಂದು ಹಿಂದೆ ಯಾರೋ ಮೂಗು ಸೀಟಿದರು. ಮಗಳ ಬಾಯಿ ತೆರೆಯಿತು. ಕೋಟು, ಗಡಿಯಾರ, ಬೀರು, ಎಲ್ಲ ಗಂಟಲ ತನಕ ಬಂದಿತ್ತು. ಆಗ ಅಮ್ಮನ ಕೈ ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿಯಿತು.

"ಬೇಡ ಕಣೇ. ನೀನು ಮಾತಾಡಿ ಗಂಡನ ಮನೆಗೆ ಹೋಗ್ತೀಯಾ. ನಾನೆಲ್ಲಿಗೆ ಹೋಗ್ಲಿ?"

ಅತ್ತೆಯ ಮನೆಯಲ್ಲಿ ಅಮ್ಮನಿಗೆ ಒಂದು ಚಾಪೆ ಹಾಸುವಷ್ಟು ಜಾಗ ಕೊಡಿಸುವ ತಾಕತ್ತು ತನಗಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಬಾಯಿ ಮುಚ್ಚಿಕೊಂಡಳು. ಅಪ್ಪನಂತೆಯೇ ತಲೆ ತಗ್ಗಿಸಿದಳು. ನೋಡಿದವರು ನಾಚಿಕೆ ಇರಬೇಕು ಅಂದುಕೊಂಡರು.

ಮಣ್ಣು ಮುಚ್ಚಿ ಜನ ಚದುರತೊಡಗಿದಾಗ ಮರದ ವ್ಯಾಪಾರಿಯೊಬ್ಬ ಅಯ್ಯನವರ ಹತ್ತಿರ ಬಂದ. ಅವನ ಹೆಂಡತಿ ಹಾಸಿಗೆಯಿಂದ ಎದ್ದು ಓಡಾಡುತ್ತಿದ್ದಾಳಂತೆ. ರೇಷ್ಮೆ ಬಟ್ಟೆಯಲ್ಲಿ ಸುತ್ತಿದ ಬೆಳ್ಳಿ ಬಟ್ಟಲೊಂದನ್ನು ಮುಂದೆ ಹಿಡಿದ. ಅಯ್ಯನವರು ಎರಡೂ ಕೈ ಅಡ್ಡ ಮಾಡಿ ಹಿಂದೆ ಸರಿದರು.

"ಬೇಡಪ್ಪಾ. ದೇವರ ಕೃಪೆ ಮಾರಾಟಕ್ಕಿಲ್ಲ."

ವ್ಯಾಪಾರಿಯ ಕಣ್ಣಲ್ಲಿ ನೀರು ಬಂತು. ಅವನು ಕೈಮುಗಿದು ಹೊರಟ. ಅಯ್ಯನವರು ಅಭ್ಯಾಸಬಲದಿಂದ ಎಡಗಡೆಗೆ, ಅಪ್ಪ ಯಾವಾಗಲೂ ನಿಲ್ಲುತ್ತಿದ್ದ ಕಡೆಗೆ ತಿರುಗಿದರು.

"ಇವರನ್ನ ಗೇಟಿನ ತನಕ ಬಿಟ್ಟು ಬಾ."

ಮಗಳಿಗೆ ನಗು ಬರುವುದರಲ್ಲಿತ್ತು. ಯಾರಿಗೆ ಹೇಳುತ್ತೀರಿ ಅಯ್ಯನವರೇ, ಹೋಗುವವನನ್ನು ಈಗಷ್ಟೇ ಹೂತಿರಲ್ಲ ಎಂದುಕೊಂಡು ತಲೆ ಎತ್ತಿದಳು. ಅಪ್ಪನ ಜಾಗದಲ್ಲಿ ತಮ್ಮ ನಿಂತಿದ್ದ. ಅವನು ಗುದ್ದಲಿಯನ್ನು ಕೆಳಗಿಟ್ಟ, ಅಕ್ಕನ ಕಡೆ ನೋಡಲಿಲ್ಲ, ಚಪ್ಪಲಿ ಮೆಟ್ಟಿಕೊಂಡ. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತ ತಿರುಗಿದಳು.

ಸ್ಮಶಾನದ ಗೇಟಿನ ಕಂಬದ ಮರೆಯಲ್ಲಿ ವ್ಯಾಪಾರಿ ನಿಂತ. ತಮ್ಮ ನೆಲ ನೋಡುತ್ತಾ ಏನೋ ಹೇಳಿದ. ವ್ಯಾಪಾರಿಯ ಮುಖ ಗಂಟಿಕ್ಕಿತು. ಆಮೇಲೆ ಅವನು ರೇಷ್ಮೆಯ ಗಂಟನ್ನು ಮುಂದೆ ಚಾಚಿದ. ಅದನ್ನು ಇಸಿದುಕೊಳ್ಳಲು ತಮ್ಮ ಎರಡೂ ಕೈ ಒಡ್ಡಿದ. ಕೈಗವಸು ಬಿಚ್ಚುವುದನ್ನು ಮರೆತಿದ್ದ. ಇಷ್ಟು ದೂರಕ್ಕೂ ಕಾಣುತ್ತಿತ್ತು, ಮಣಿಕಟ್ಟಿನ ತನಕ ಬೆಳ್ಳಗೆ.