ಒಂಬತ್ತಕ್ಕೆ ಒಂಬತ್ತು

"ಶೇಷ ಎಷ್ಟು?" ಎಂದು ಗೋರ್ಧನ ವೈದ್ಯರು ಕೇಳಿದರು.

ಸೊಸೆ ಧಾಪು ತನ್ನ ಬಳೆಯನ್ನು ಕಲ್ಬತ್ತಿನ ಅಂಚಿಗೆ ಒಂಬತ್ತು ಸಲ ತಟ್ಟಿದಳು. ಅವಳ ಮುಸುಕು ಗಲ್ಲದವರೆಗೂ ಇಳಿದಿತ್ತು. ಮದುವೆಯಾಗಿ ಬಂದ ಏಳು ವರ್ಷಗಳಲ್ಲಿ ಮಾವನ ಕಿವಿಗೆ ಅವಳ ದನಿ ಬಿದ್ದಿರಲಿಲ್ಲ. ನಾಗೌರದ ಆ ಓಣಿಯಲ್ಲಿ ಯಾವ ಸೊಸೆಯೂ ಮಾವನೆದುರು ಬಾಯಿ ತೆರೆಯುತ್ತಿರಲಿಲ್ಲ. ಲೆಕ್ಕದ ಪಾಠವೂ ಬಳೆಯ ಸದ್ದಿನಲ್ಲೇ ನಡೆದಿತ್ತು.

ವೈದ್ಯರ ಕಣ್ಣಿಗೆ ಪೊರೆ ಕವಿದ ಮೇಲೆ ವತ್ಸನಾಭಿಯೆಂಬ ವಿಷಬೇರನ್ನು ತೂಗುವ ಕೆಲಸ ಅವಳ ಪಾಲಿಗೆ ಬಂತು. ಎರಡು ತಿಂಗಳು ಒಂದೂಕಾಲರ ಮಗ್ಗಿ, ಒಂದೂವರೆಯ ಮಗ್ಗಿ ಕಲಿತು, ಇಂದು ಮೊದಲ ಬಾರಿಗೆ ತಾನೇ ಲೆಕ್ಕ ಹಾಕಿ, ಆ ವಿಷವನ್ನು ಅಕ್ಕಿಕಾಳುಗಳ ಎದುರು ತೂಗಿ, ಜ್ವರದ ಮೂವತ್ತಾರು ಗುಳಿಗೆ ಕಟ್ಟಿದ್ದಳು. ಗುಳಿಗೆಗೆ ಒಂದೂಕಾಲು ಅಕ್ಕಿಯ ತೂಕದ ವಿಷ. ಕಾಲು ಅಕ್ಕಿ ಹೆಚ್ಚಾದರೂ ಮುದಿ ಎದೆ ತಡೆಯದೆಂದು ಅವರೇ ಎಚ್ಚರಿಸಿದ್ದರು.

"ಉತ್ತರ ನಾನು ಕೇಳಲ್ಲ, ಅದು ನಿನ್ನದು. ಮೂವತ್ತಾರು ಅಂದ್ರೆ ಮೂರು ಆರು ಒಂಬತ್ತು. ನಿನ್ನ ಉತ್ತರದ ಅಂಕಿ ಕೂಡಿದ್ರೆ ಉಳಿಯೋ ಶೇಷಾನೂ ಒಂಬತ್ತು. ಸರಿಹೋಯ್ತು, ಕೊಡು." ವೈದ್ಯರು ಅಂಗೈ ಚಾಚಿದರು.

ಅಳಲೆಕಾಯಿ ಆರಿಸುತ್ತಿದ್ದ ಅತ್ತೆ ರುಕ್ಮಾ ಗೊಣಗಿದಳು: "ಕಣ್ಣಂತೂ ಹೋಯ್ತು, ಇನ್ನು ಜೀವಾನೂ ಪಣಕ್ಕಿಡಿ. ಬೆಕ್ಕಿಗೆ ಹಾಕಿ ನೋಡಬಾರದೇ?"

"ಬೆಕ್ಕು ಲೆಕ್ಕ ಕಲಿಸಿತೇನೇ? ಕಲಿಸಿದವನೇ ಮೊದಲ ಗುಳಿಗೆ ನುಂಗಬೇಕು. ನಾನು ಮೊದಲು ಕಟ್ಟಿದ್ದನ್ನ ನಮ್ಮಪ್ಪ ನುಂಗಿದ್ದ."

ಧಾಪು ಗುಳಿಗೆಯನ್ನು ಅವರ ಅಂಗೈಗೆ ಹಾಕಿದಳು. ಅದನ್ನು ಬೆರಳಲ್ಲಿ ಉರುಳಿಸುತ್ತ ಅವರು ಖುಷಿಯಿಂದ ಒಂದೂಕಾಲರ ಮಗ್ಗಿ ಗುನುಗಿದರು: "ನಾಲ್ಕಕ್ಕೆ ಐದು, ಎಂಟಕ್ಕೆ ಹತ್ತು, ಹನ್ನೆರಡಕ್ಕೆ ಹದಿನೈದು..."

ನಾಲ್ಕಕ್ಕೆ ಐದು. ಮೂವತ್ತಾರರಲ್ಲಿ ಒಂಬತ್ತು ನಾಲ್ಕು. ಅಂದರೆ ಒಂಬತ್ತು ಐದು, ನಲವತ್ತೈದು. ಅವಳು ತೂಗಿದ್ದು ಐವತ್ತನಾಲ್ಕು ಕಾಳಿಗೆ. ಹೆದರಿಕೆಯಲ್ಲಿ ಮನಸ್ಸು ಒಂದೂವರೆಯ ಮಗ್ಗಿಗೆ ಜಾರಿತ್ತು. ಅಂಕಿ ಕೂಡಿದರೆ ನಾಲ್ಕು ಐದು ಒಂಬತ್ತು. ಐದು ನಾಲ್ಕೂ ಒಂಬತ್ತೇ.

ಅವಳು ಬಳೆಗಳನ್ನು ಕಲ್ಬತ್ತಿಗೆ ಜೋರಾಗಿ ಬಡಿದಳು.

"ಗೊತ್ತಾಯ್ತಮ್ಮ, ನಿನಗೂ ಖುಷಿ," ಎಂದು ವೈದ್ಯರು ನಕ್ಕು ಗುಳಿಗೆಯನ್ನು ನಾಲಿಗೆಯ ಮೇಲಿಟ್ಟು ನೀರಿನ ಲೋಟಕ್ಕೆ ತಡಕಿದರು.

"ನುಂಗಬೇಡಿ! ತಪ್ಪಾಗಿದೆ! ಐವತ್ನಾಲ್ಕು ಹಾಕಿಬಿಟ್ಟಿದೀನಿ!"

ಲೋಟ ಉರುಳಿತು. ರುಕ್ಮಾಳ ಮಡಿಲಿನ ಅಳಲೆಕಾಯಿ ನೆಲದ ಮೇಲೆಲ್ಲ ಚೆಲ್ಲಿತು. ವೈದ್ಯರು ಬಾಯಿ ತೆರೆದಂತೆಯೇ ತಲೆಯನ್ನು ಅತ್ತಿತ್ತ ತಿರುಗಿಸಿದರು. "ಯಾರದು? ಯಾರು ಬಂದ್ರು ಒಳಗೆ?"

"ಇನ್ಯಾರು, ನಿಮ್ಮ ಸೊಸೆ! ಉಗುಳ್ರೀ ಮೊದಲು!"

ಅವರು ಅಂಗೈಗೆ ಉಗುಳಿದರು. ಧಾಪು ಮತ್ತೆ ತುಂಬಿಕೊಟ್ಟ ನೀರಿನಲ್ಲಿ ಬಾಯಿ ಮುಕ್ಕಳಿಸಿದರು.

"ಮೊದಲಿಂದ ಹೇಳು," ಎಂದರು ವೈದ್ಯರು ಕಡೆಗೆ. "ಬಳೆ ಬೇಡ."

ಧಾಪು ಅತ್ತೆಯನ್ನು ನೋಡಿದಳು. ರುಕ್ಮಾ ಎದ್ದು ಬಂದು, ಜಾರಿಹೋಗಿದ್ದ ಮುಸುಕನ್ನು ಸೊಸೆಯ ಗಲ್ಲದವರೆಗೂ ಎಳೆದು ಸರಿಮಾಡಿ, ಚೆಲ್ಲಿದ ಕಾಯಿ ಹೆಕ್ಕತೊಡಗಿದಳು.

"ನಾಲ್ಕಕ್ಕೆ ಐದು," ಎಂದಿತು ಬಟ್ಟೆಯೊಳಗಿನ ದನಿ.

ವೈದ್ಯರು ಕಿವಿಯನ್ನು ಅತ್ತ ವಾಲಿಸಿ ಕುಳಿತರು. ಒದ್ದೆ ಗುಳಿಗೆ ಇನ್ನೂ ಅವರ ಅಂಗೈಯಲ್ಲಿತ್ತು.