ಮುನ್ನುಡಿ ಮೇಷ್ಟ್ರಿಗೊಂದು ಮುನ್ನುಡಿ

ಮುನ್ನುಡಿ ಮೇಷ್ಟ್ರ ಮನೆ ಯಾವುದು ಎಂದು ಕೇಳಿದರೆ ಆ ಬೀದಿಯಲ್ಲಿ ಹಾಲಿನವನೂ ತೋರಿಸುತ್ತಿದ್ದ. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಪಾಠ ಮರೆತವರೂ ಅವರ ಮುನ್ನುಡಿಯನ್ನು ಮರೆತಿರಲಿಲ್ಲ. ಹೊಸದಾಗಿ ಪುಸ್ತಕ ಬರೆದವರು ಕಾಗದದ ಕಟ್ಟನ್ನು ಎದೆಗವುಚಿಕೊಂಡು ಬಂದು, ಕುರ್ಚಿಯ ತುದಿಯಲ್ಲಿ ಕೂತು, "ಸಾರ್, ತಮ್ಮದು ನಾಲ್ಕು ಮಾತು" ಎನ್ನುತ್ತಿದ್ದರು. ಮೇಷ್ಟ್ರು ಯಾರಿಗೂ ಇಲ್ಲವೆಂದವರಲ್ಲ. ದೇವರು ಬಾಯಿ ಕೊಟ್ಟಿರುವುದು ಒಳ್ಳೆಯದನ್ನು ಆಡಲಿಕ್ಕೆ ಎಂಬುದು ಅವರ ನಂಬಿಕೆ. ಆ ನಂಬಿಕೆಗೆ ಓದುವ ಶ್ರಮ ಬೇಕಾಗಿರಲಿಲ್ಲ ಎಂಬುದು ಬೇರೆ ಮಾತು.

ಅವರದೊಂದು ಕ್ರಮವಿತ್ತು. ಮೊದಲ ಒಂದೆರಡು ಪುಟ, ಕೊನೆಯ ಪುಟ, ನಡುವೆ ಬೆರಳು ಹೋಗಿ ನಿಂತಲ್ಲಿ ಒಂದು ಪುಟ. ನಡುವಿನ ಪುಟದಲ್ಲಿ ಯಾರಾದರೂ ಅಳುತ್ತಿದ್ದರೆ ‘ಮನುಷ್ಯ ಸಂಕಟದ ಆಳ’ ಎಂದು ಬರೆಯುವರು. ನಗುತ್ತಿದ್ದರೆ ‘ಬದುಕಿನ ಬಗೆಗಿನ ಪ್ರಸನ್ನತೆ’. ಏನೂ ಮಾಡದೆ ಸುಮ್ಮನೆ ನಡೆದುಹೋಗುತ್ತಿದ್ದರೆ ‘ಕಾಲದ ಹರಿವು’. ಮೇಷ್ಟ್ರ ಅಕ್ಷರ ಅವರಿಗೇ ತಿಳಿಯುತ್ತಿರಲಿಲ್ಲವಾದ್ದರಿಂದ ಹೆಂಡತಿ ಅದನ್ನು ದುಂಡಗೆ ಪ್ರತಿ ಮಾಡಿಕೊಡುತ್ತಿದ್ದಳು.

"ರೀ, ಈ ಸಲ ‘ಒಳಗಣ್ಣು’ ಅನ್ನೋ ಮಾತು ಬಂದೇ ಇಲ್ಲವಲ್ಲ," ಎನ್ನುವಳು ಬರೆಯುತ್ತಾ.

"ಕೊನೇ ಪ್ಯಾರಾದಲ್ಲಿ ಬರುತ್ತೆ, ಮುಂದೆ ಬರಿಯೇ."

ಇಂಥ ಮೇಷ್ಟ್ರು ಬಾಗಿಲು ಹಾಕಿಕೊಂಡು, ವರ್ಷಗಟ್ಟಲೆ ಕೂತು, ತಾವೇ ಒಂದು ಕಾದಂಬರಿ ಬರೆದರು. ಹೊಳೆ ದಾಟಿಸುವ ದೋಣಿಯವನ ಕಥೆ. ಸೇತುವೆ ಬರುತ್ತದೆ, ದೋಣಿ ಯಾರಿಗೂ ಬೇಡವಾಗುತ್ತದೆ, ಅದೇ ಹೊತ್ತಿಗೆ ಅವನ ತಾಯಿ ತೀರಿಕೊಳ್ಳುತ್ತಾಳೆ. ಆ ತಾಯಿ ಮೇಷ್ಟ್ರ ತಾಯಿಯೇ ಎಂಬುದು ಮೇಷ್ಟ್ರಿಗೊಬ್ಬರಿಗೇ ಗೊತ್ತಿತ್ತು.

ಪ್ರಕಾಶಕ ಹಸ್ತಪ್ರತಿಯನ್ನು ಕೈಯಲ್ಲೇ ತೂಗಿ ನೋಡಿ ಕೇಳಿದ: "ಮುನ್ನುಡಿ ಯಾರ ಕೈಲಿ ಸಾರ್? ನಿಮಗೆ ನೀವೇ ಬರ್ಕೊಳ್ಳೋ ಹಾಗಿಲ್ಲವಲ್ಲ."

ಮೇಷ್ಟ್ರಿಗೆ ದಿಗಿಲಾಯಿತು. ಹೋಟೆಲಿನ ಅಡುಗೆಮನೆಯೊಳಗೆ ಜೀವ ಸವೆಸಿದವನು ಹೋಟೆಲಿನಲ್ಲಿ ಉಣ್ಣಲು ಅಂಜುತ್ತಾನಲ್ಲ, ಹಾಗೆ. ಊರಿನಲ್ಲಿ ಅರ್ಧ ಜನ ಅವರ ಋಣದಲ್ಲಿದ್ದರು. ಯಾರನ್ನು ಕೇಳಿದರೂ ನಾಳೆಯೇ ಬರೆದುಕೊಡುವರು. ಅದೇ ಭಯ. ಮೇಷ್ಟ್ರಿಗೆ ಹೊಗಳಿಕೆ ಬೇಕಿರಲಿಲ್ಲ, ಅಥವಾ ಅದೊಂದೇ ಸಾಲುತ್ತಿರಲಿಲ್ಲ. ಈ ಭೂಮಿಯ ಮೇಲೆ ಒಬ್ಬರಾದರೂ ಆ ಕಾದಂಬರಿಯನ್ನು ಮೊದಲಿನಿಂದ ಕೊನೆಯವರೆಗೆ, ಬೆರಳು ಹಾಕಿ ನೆಗೆಯದೆ, ಓದಬೇಕಿತ್ತು. ಓದಿದ್ದಾರೆ ಎಂಬುದು ತಮಗೆ ತಿಳಿಯಬೇಕಿತ್ತು.

"ನಾನು ಓದಲಾ?" ಎಂದಳು ಹೆಂಡತಿ.

"ನೀನು ಚೆನ್ನಾಗಿದೆ ಅಂದ್ರೆ ನನಗೆ ನಂಬಿಕೆ ಬರಲ್ಲ. ಚೆನ್ನಾಗಿಲ್ಲ ಅಂದ್ರೆ ಊಟ ಸೇರಲ್ಲ."

"ಹಾಗಾದ್ರೆ ಊಟ ಆದ್ಮೇಲೆ ಹೇಳ್ತೀನಿ ಬಿಡಿ."

ಮೇಷ್ಟ್ರು ಅವಳಿಗೆ ಕೊಡಲಿಲ್ಲ. ಕತ್ತರಿಗೆ ಕೊಟ್ಟರು. ಕತ್ತರಿ ಎಂದರೆ ಅವರ ಹಳೆಯ ಶಿಷ್ಯ, ವಾರಪತ್ರಿಕೆಯಲ್ಲಿ ವಿಮರ್ಶೆ ಬರೆಯುವವನು. ಹೆಸರಿಗೆ ತಕ್ಕ ಕೈ. ಅವನು ಬರೆದದ್ದನ್ನು ಓದಿ ಇಬ್ಬರು ಕವಿಗಳು ವ್ಯಾಪಾರಕ್ಕೆ ಇಳಿದಿದ್ದರು, ವ್ಯಾಪಾರದಲ್ಲಿ ಚೆನ್ನಾಗಿಯೂ ಇದ್ದರು. ಅವನ ಮೊದಲ ಕವನ ಸಂಕಲನಕ್ಕೆ ಮುನ್ನುಡಿ ಬರೆದವರು ಮೇಷ್ಟ್ರೇ.

"ಪೂರ್ತಿ ಓದಿ ಬರಿಯಪ್ಪಾ," ಎಂದರು ಫೋನಿನಲ್ಲಿ.

"ಪೂರ್ತೀನಾ ಸಾರ್?"

"ಪೂರ್ತಿ."

"ಆಗಲಿ ಸಾರ್. ನೀವು ನನಗೆ ಮಾಡಿದ್ದನ್ನ ನಾನು ಮರೆತಿಲ್ಲ."

ಕೆಲವು ದಿನಗಳಲ್ಲಿ ಲಕೋಟೆ ಬಂತು. ಹೆಂಡತಿ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಮೇಷ್ಟ್ರು ಕನ್ನಡಕ ಒರೆಸಿಕೊಂಡು, ಗಟ್ಟಿಯಾಗಿ ಓದತೊಡಗಿದರು. ನಾಲ್ಕನೇ ಸಾಲಿಗೆ ನಿಲ್ಲಿಸಿ ಹೆಂಡತಿಯ ಕಡೆ ತಿರುಗಿದರು.

"ಓದೋದು ಅಂದ್ರೆ ಇದು ನೋಡೇ. ನನ್ನ ಒಳಗೇ ಕೂತು ಬರೆದ ಹಾಗಿದೆ. ಕೇಳು: ‘ಇವರು ಮಾತುಗಳನ್ನು ಬಳಸುತ್ತಾರೆ ನಿಜ, ಆದರೆ...’"

"‘ಮಾತಿನ ಹಿಂದಿನ ಮೌನವೇ ಇವರ ನಿಜವಾದ ಭಾಷೆ,’" ಎಂದಳು ಹೆಂಡತಿ, ಅಂಗಿಯ ತೋಳು ಮಡಿಸುತ್ತಾ.

ಮೇಷ್ಟ್ರು ಕಾಗದ ನೋಡಿದರು. ಹಾಗೆಯೇ ಇತ್ತು.

"ನಿನಗೆ ಹೇಗೆ ಗೊತ್ತಾಯ್ತು?"

"ನನಗೆಲ್ಲಿ ಗೊತ್ತು. ಕೈಗೆ ಗೊತ್ತು. ಬರೆದೂ ಬರೆದೂ ಬೆರಳು ಸವೆದಿದೆ. ಮುಂದೆ ಒಳಗಣ್ಣು ಬರುತ್ತೆ, ಓದಿ."

ಮುಂದೆ ಒಳಗಣ್ಣು ಬಂತು.

ಮೇಷ್ಟ್ರು ಕಪಾಟಿನಿಂದ ಕತ್ತರಿಯ ಕವನ ಸಂಕಲನವನ್ನು ಧೂಳು ಕೊಡವಿ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡರು. ಅಕ್ಷರಕ್ಕಕ್ಷರ ಅದೇ. ‘ಭರವಸೆಯ ಯುವ ಕವಿ’ ಎಂದಿದ್ದಲ್ಲಿ ‘ಭರವಸೆಯ ಹಿರಿಯ ಕಾದಂಬರಿಕಾರ’ ಎಂದಿತ್ತು, ಅಷ್ಟೇ. ಒಂದು ಪುಟ ಹೋಲಿಸುವಷ್ಟರಲ್ಲಿ ಸಿಟ್ಟು ನೆತ್ತಿಗೇರಿ, ಮಿಕ್ಕದ್ದನ್ನು ನೋಡುವ ಗೋಜಿಗೆ ಹೋಗದೆ ಫೋನು ಹಚ್ಚಿದರು.

"ಇದೇನಯ್ಯಾ ನೀನು ಮಾಡಿರೋದು?"

"ಯಾಕೆ ಸಾರ್, ಹಿಡಿಸಲಿಲ್ವಾ?"

"ಇದು ನನ್ನದು."

"ಹೌದು ಸಾರ್. ಅವತ್ತು ನನಗೆ ತುಂಬಾ ಹಿಡಿಸಿತ್ತು. ಜೇಬಲ್ಲಿ ಇಟ್ಕೊಂಡು ತಿರುಗ್ತಿದ್ದೆ. ಬಸ್ಸಲ್ಲಿ ಪಕ್ಕ ಕೂತವರಿಗೂ ಓದಿ ಹೇಳಿದ್ದುಂಟು. ಆಮೇಲೆ ನನ್ನ ಗೆಳೆಯನ ಪುಸ್ತಕ ಬಂತು, ಅವನಿಗೂ ಅದೇ ಒಳಗಣ್ಣಿತ್ತು. ಅವನ ಅತ್ತಿಗೆ ಪುಸ್ತಕಕ್ಕೂ ಇತ್ತು. ಆ ಮನೇಲಿ ಎಲ್ಲರಿಗೂ ಇತ್ತು ಸಾರ್."

ಮೇಷ್ಟ್ರದು ಒಳ್ಳೆಯದನ್ನೇ ಆಡಿದ ಬಾಯಿ. ಅದರಿಂದಲೂ ಒಬ್ಬ ಹುಡುಗನಿಗೆ ಇಷ್ಟು ಗಾಯವಾಗಬಹುದೆಂದು ಅವರು ಎಣಿಸಿರಲಿಲ್ಲ.

"ಅದಿರಲಿ," ಎಂದರು ಕೊನೆಗೆ, ದನಿ ತಗ್ಗಿಸಿ. "ನನ್ನದನ್ನ ಓದಿದೆಯಾ ಇಲ್ವಾ? ಅಷ್ಟು ಹೇಳಿಬಿಡಪ್ಪಾ."

"ಹಾಳೆ ತಿರುಗಿಸಿ ನೋಡಿದ್ರಾ ಸಾರ್?"

ಮೇಷ್ಟ್ರು ನೋಡಿರಲಿಲ್ಲ. ತಮಗೆಂದೇ ಬಂದ ಮುನ್ನುಡಿಯನ್ನೂ ಅವರು ಪೂರ್ತಿ ಓದಿರಲಿಲ್ಲ.

ಕೊನೆಯ ಹಾಳೆಯ ಹಿಂಬದಿಯಲ್ಲಿ ಇಷ್ಟಿತ್ತು: ‘ಆರನೆಯ ಅಧ್ಯಾಯದಲ್ಲಿ ತಾಯಿ ಮೂರು ಸಲ ಸಾಯುತ್ತಾಳೆ. ಮಗ ದೋಣಿಯ ಹಗ್ಗ ಬಿಚ್ಚಲಾಗದೆ ದಡದಲ್ಲಿ ನಿಂತುಬಿಟ್ಟಾಗ ಒಮ್ಮೆ. ನೆರೆಯವರು ಬಂದು ಅಳುವಾಗ ಇನ್ನೊಮ್ಮೆ. ಲೇಖಕರು ಸಾವಿನ ಕುರಿತು ನಮಗೆ ಪಾಠ ಹೇಳುವಾಗ ಮತ್ತೊಮ್ಮೆ. ಮೊದಲ ಸಲ ನಾನು ಪುಟ ಮುಚ್ಚಿಟ್ಟು ಎದ್ದುಹೋದೆ. ಉಳಿದ ಎರಡು ಸಲ ಅಧ್ಯಾಯ ಎಲ್ಲಿಗೆ ಮುಗಿಯುತ್ತದೆಂದು ನೋಡಿದೆ.’

ಮೇಷ್ಟ್ರು ಫೋನು ಕೆಳಗಿಟ್ಟರು. ಅವರ ತಾಯಿ ಹೋದ ಬೆಳಿಗ್ಗೆ ಅವರು ಡಾಕ್ಟರನ್ನು ಕರೆತರಲು ಹೊರಟು, ಸೈಕಲ್ಲಿನ ಬೀಗ ತೆಗೆಯಲಾಗದೆ ಬಾಗಿಲ ಮುಂದೆ ನಿಂತಿದ್ದರು. ಒಳಗೆ ಮುಗಿದಿದೆ ಎಂದು ಯಾರೂ ಹೇಳದೆಯೇ ತಿಳಿದಿತ್ತು. ಅದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ. ಬೀಗವನ್ನು ಹಗ್ಗ ಮಾಡಿ ಒಂದೇ ಸಾಲಿನಲ್ಲಿ ಬರೆದಿದ್ದರು. ಓದುವವರು ಆ ಸಾಲನ್ನು ನೆಗೆದು ಹೋದಾರೆಂದು ಹೆದರಿ, ಆಕೆಯನ್ನು ಮತ್ತೆರಡು ಸಲ ಸಾಯಿಸಿದ್ದರು. ನೆಗೆದು ಓದುವವರ ಭಯ ನೆಗೆದು ಓದುವವರಿಗಲ್ಲದೆ ಇನ್ಯಾರಿಗಿದ್ದೀತು? ಭಗವಂತನೊಬ್ಬನೇ ಎಲ್ಲರ ಪುಟವನ್ನೂ ಪೂರ್ತಿ ಓದುವವನು. ಅದಕ್ಕೇ ಇರಬೇಕು, ಅವನು ಯಾರಿಗೂ ಮುನ್ನುಡಿ ಬರೆಯುವುದಿಲ್ಲ.

ಎರಡು ಸಾವುಗಳನ್ನು ಮೇಷ್ಟ್ರು ಹೊಡೆದುಹಾಕಿದರು. ಹಾಗೆ ಮಾಡಿದ ಮೇಲೆ ಕತ್ತರಿಯ ಮಾತಿಗೂ ಪುಸ್ತಕದಲ್ಲಿ ಜಾಗ ಉಳಿಯಲಿಲ್ಲ.

"ಮುನ್ನುಡಿ ಇಲ್ಲದೆ ಪುಸ್ತಕಾನಾ? ಅದೂ ನಿಮ್ಮದು?" ಎಂದ ಪ್ರಕಾಶಕ, ಕೈಯಲ್ಲಿದ್ದ ಕತ್ತರಿಯ ಹಾಳೆಗಳನ್ನು ಬಿಡದೆ. "ಹಿಂಬದಿಯ ಪ್ಯಾರಾ ಬೇಡ ಬಿಡಿ, ಬೈದ ಹಾಗಿದೆ. ಮುಂಬದಿಯದು ಎಷ್ಟು ಚೆನ್ನಾಗಿದೆ ಸಾರ್. ಅದನ್ನಾದ್ರೂ ಹಾಕೋಣ."

"ಬೇಡ. ಅದನ್ನ ಬರೆದವನು ಪುಸ್ತಕ ಓದಿಲ್ಲ."

ಮನೆಗೆ ಬಂದು, ತಿದ್ದಿದ ಪ್ರತಿಯನ್ನು ಹೆಂಡತಿಯ ಮುಂದಿಟ್ಟರು. "ಓದು."

"ಊಟ ಆಯ್ತಾ?"

"ಆಯ್ತು."

ಆಕೆ ಆ ದಿನವೂ ಮರುದಿನವೂ ಕಿಟಕಿಯ ಪಕ್ಕ ಕೂತು ಓದಿದಳು. ಮೇಷ್ಟ್ರು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು, ಅಂಚಿನಿಂದ ಅವಳ ಬೆರಳುಗಳನ್ನೇ ನೋಡುತ್ತಿದ್ದರು. ಬೆರಳು ಎಲ್ಲಿಯೂ ನೆಗೆಯಲಿಲ್ಲ. ಆರನೆಯ ಅಧ್ಯಾಯದ ನಡುವೆ ಆಕೆ ಕಾಗದಗಳನ್ನು ಬೋರಲು ಹಾಕಿ, ಎದ್ದುಹೋಗಿ ಮುಖ ತೊಳೆದು ಬಂದಳು.

"ಅವತ್ತು ನೀವು ಸೈಕಲ್ ಹತ್ರ ನಿಂತಿದ್ದನ್ನ ನಾನು ಇದೇ ಕಿಟಕಿಯಿಂದ ನೋಡ್ತಾ ಇದ್ದೆ," ಎಂದು ಮತ್ತೆ ಓದಲು ಕೂತಳು.

ಮುಗಿದ ಮೇಲೆ ಮೇಷ್ಟ್ರು ಪತ್ರಿಕೆ ಇಳಿಸಿದರು. "ಹೇಗಿದೆ?"

ಆಕೆ ಹಾಳೆಗಳನ್ನು ಮೊಣಕಾಲ ಮೇಲೆ ತಟ್ಟಿ ಸಮ ಮಾಡಿದಳು.

"ದೋಣಿ ಚೆನ್ನಾಗಿದೆ ರೀ. ಸೇತುವೆ ಸ್ವಲ್ಪ ಉದ್ದ ಆಯ್ತು."

ಮೇಷ್ಟ್ರು ಪೆನ್ನು ಹುಡುಕಿದರು.